ಪುರವರ್ಣನೆಯ ಬೆಳಕಿನಲ್ಲಿ ಗುರುಗ್ರಾಮ

1. ಪೀಠಿಕೆ

ಮಹಾಕಾವ್ಯಕ್ಕೆ ಆಲಂಕಾರಿಕರು ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ನಗರವರ್ಣನೆಗೆ ವಿಶೇಷವಾದ ಸ್ಥಾನವಿದೆ. ದಂಡಿಯ ‘ಕಾವ್ಯಾದರ್ಶ’ದಲ್ಲಿ ಬರುವ ವರ್ಣನಾವಸ್ತುಗಳ ಪಟ್ಟಿ ಆರಂಭವಾಗುವುದೇ ನಗರದಿಂದ. ಕನ್ನಡದ ಚಂಪೂಕವಿಗಳು ಈ ವಿಧಿಯನ್ನು ನಿಷ್ಠೆಯಿಂದ ಪಾಲಿಸಿಕೊಂಡು ಬಂದರು. ತರಗತಿಯಲ್ಲಿ ಈ ಭಾಗಗಳನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ಬೇಸರಪಟ್ಟುಕೊಳ್ಳುವುದು ಅಧ್ಯಾಪಕರೆಲ್ಲರ ಅನುಭವ. ಕಥೆ ಮುಂದೆ ಸಾಗದೆ ಊರಿನ ಹೆಬ್ಬಾಗಿಲಲ್ಲೇ ನಿಂತಿದೆ ಎಂಬುದು ಅವರ ಆಕ್ಷೇಪಣೆ. ಆದರೆ ಈ ವರ್ಣನೆಗಳು ಕೇವಲ ಅಲಂಕಾರಗಳ ರಾಶಿಯಲ್ಲ. ಊರೆಂದರೆ ಏನು, ಅದರ ಸಿರಿ ಎಲ್ಲಿರುತ್ತದೆ, ಅದು ಯಾರ ಕಣ್ಣಿಗೆ ಬೀಳಬೇಕು ಎಂಬ ಖಚಿತವಾದ ಕಲ್ಪನೆಯೊಂದು ಅವುಗಳಲ್ಲಿ ಅಡಗಿದೆ. ಆ ಕಲ್ಪನೆಯನ್ನು ಬೇರ್ಪಡಿಸಿಕೊಂಡು, ದೆಹಲಿಯ ನೆರೆಯಲ್ಲಿ ನಮ್ಮ ಕಾಲದಲ್ಲೇ ಬೆಳೆದು ನಿಂತ ಸಿರಿವಂತ ಉಪನಗರವಾದ ಗುರುಗ್ರಾಮದ ಚರಿತ್ರೆ ಹಾಗೂ ಸ್ವಭಾವವನ್ನು ಅದರ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಂಪೂಕವಿಯ ಪುರವರ್ಣನೆಗೆ ಸಾಮಾನ್ಯವಾಗಿ ಒಂದು ಕ್ರಮವಿರುತ್ತದೆ. ಕವಿ ದೂರದಿಂದ ನಡೆದು ಬರುವ ದಾರಿಹೋಕನಂತೆ ಊರನ್ನು ಕಾಣುತ್ತಾನೆ. ಮೊದಲು ಗಿಳಿಗಳೆರಗುವ ಬತ್ತದ ಗದ್ದೆಗಳು, ಬಳಿಕ ತೋಟ ಮತ್ತು ನಂದನವನಗಳು, ಕೆರೆ, ಅಗಳು, ಕೋಟೆ, ಹೆಬ್ಬಾಗಿಲು; ಒಳಹೊಕ್ಕ ಮೇಲೆ ಅಂಗಡಿಬೀದಿ, ಕೇರಿಗಳು, ದೇಗುಲ ಅಥವಾ ಬಸದಿ, ಕೊನೆಗೆ ಅರಮನೆ. ಹೊರಗಿನಿಂದ ಒಳಕ್ಕೆ ಸಾಗುವ ಈ ನಡಿಗೆಯಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಊರಿನ ಸಂಪತ್ತು ಕೋಟೆಯ ಹೊರಗೇ, ಅಂದರೆ ಗದ್ದೆ ಮತ್ತು ಕೆರೆಗಳಲ್ಲೇ ಆರಂಭವಾಗುತ್ತದೆ. ಎರಡನೆಯದಾಗಿ, ಕವಿ ಹೊಗಳುವ ಸಿರಿಯಲ್ಲಿ ಬಹುಪಾಲು ದಾರಿಹೋಕನಿಗೂ ಕಾಣುವ, ಹಲವರಿಗೆ ದಕ್ಕುವ ಸಿರಿ. ಈ ವರ್ಣನೆಗಳು ಆದರ್ಶೀಕೃತವಾದವು, ಕೇರಿಗಳ ಕಟ್ಟುನಿಟ್ಟಾದ ವಿಂಗಡಣೆಯ ಹಿಂದಿದ್ದ ಜಾತಿಕ್ರೌರ್ಯವನ್ನೂ ಊರಾಚೆ ನಿಂತವರ ಪಾಡನ್ನೂ ಅವು ಮರೆಮಾಚಿದುವು ಎಂಬುದನ್ನು ಒಪ್ಪಿಕೊಂಡೇ ಈ ಮಾತನ್ನು ಹೇಳಬೇಕಾಗಿದೆ. ಆದರ್ಶವೊಂದು ಪೂರ್ಣ ಸತ್ಯವಲ್ಲದಿದ್ದರೂ ಅಳತೆಗೋಲಾಗಿ ಅದಕ್ಕೆ ಬೆಲೆಯಿದೆ.

2. ಹೆಸರಿನ ವಿಚಾರ

ಬಹುಕಾಲ ಆಡಳಿತದಲ್ಲಿಯೂ ಜನರ ಬಾಯಲ್ಲಿಯೂ ಬಳಕೆಯಲ್ಲಿದ್ದ ಹೆಸರು ‘ಗುಡ್‌ಗಾಂವ್’. ಹಿಂದಿಯ ಬರಹದಲ್ಲಿ ಕಾಣುವಂತೆ ಅಕ್ಷರಶಃ ಅರ್ಥ ಮಾಡಿದರೆ ಇದು ‘ಬೆಲ್ಲದ ಊರು’. ಸ್ಥಳೀಯ ಐತಿಹ್ಯ ಬೇರೆಯದನ್ನು ಹೇಳುತ್ತದೆ. ಈ ಗ್ರಾಮ ದ್ರೋಣಾಚಾರ್ಯರಿಗೆ ಗುರುದಕ್ಷಿಣೆಯಾಗಿ ಸಂದದ್ದು. ‘ಗುರುಗ್ರಾಮ’ವೇ ಸವೆದು ‘ಗುಡ್‌ಗಾಂವ್’ ಆಯಿತು ಎಂಬುದು ಆ ಐತಿಹ್ಯ. ಹರಿಯಾಣ ಸರ್ಕಾರ 2016ರಲ್ಲಿ ಅದನ್ನೇ ಅಧಿಕೃತಗೊಳಿಸಿ ‘ಗುರುಗ್ರಾಮ’ ಎಂಬ ರೂಪವನ್ನು ಜಾರಿಗೆ ತಂದಿತು. ಸ್ಥಳನಾಮಗಳ ಅಧ್ಯಯನದಲ್ಲಿ ಇಂತಹ ಸನ್ನಿವೇಶ ನಮಗೆ ಹೊಸದಲ್ಲ. ಬೆಂಗಳೂರಿಗೆ ‘ಬೆಂದ ಕಾಳಿನ ಊರು’ ಎಂಬ ಜನಪ್ರಿಯ ವ್ಯುತ್ಪತ್ತಿಯಿದ್ದರೂ, ಆ ಕಥೆಯ ಕಾಲಕ್ಕಿಂತ ಹಿಂದಿನದಾದ, ಸುಮಾರು 9ನೆಯ ಶತಮಾನದ ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ರೂಪವೇ ದೊರೆಯುತ್ತದೆ. ಜನರು ಕಟ್ಟಿಕೊಂಡ ವ್ಯುತ್ಪತ್ತಿ ಭಾಷಾಶಾಸ್ತ್ರಕ್ಕೆ ಒಪ್ಪಿಗೆಯಾಗದಿದ್ದರೂ ಊರು ತನ್ನನ್ನು ಹೇಗೆ ನೆನೆದುಕೊಳ್ಳಲು ಬಯಸುತ್ತದೆ ಎಂಬುದನ್ನು ಅದು ಸೂಚಿಸುತ್ತದೆ.

ಇಲ್ಲಿ ಮತ್ತೊಂದು ಸಂಗತಿಯನ್ನು ಸೇರಿಸಿ ಹೇಳಬೇಕು. ಇದೇ ನಗರದ ಭಾಗವಾಗಿರುವ ಖಾಂಡಸಾ ಎಂಬ ಹಳ್ಳಿಯಲ್ಲಿ ಏಕಲವ್ಯನದೊಂದು ಪುಟ್ಟ ಗುಡಿಯಿದೆ. ಅವನು ತನ್ನ ಹೆಬ್ಬೆರಳನ್ನು ಕತ್ತರಿಸಿಕೊಟ್ಟದ್ದು ಇಲ್ಲಿಯೇ ಎಂಬುದು ಅಲ್ಲಿನವರ ನಂಬಿಕೆ. ಗುರುವಿನ ಹೆಸರನ್ನು ನಗರ ಹೊತ್ತುಕೊಂಡಿತು. ಬೆರಳನ್ನು ಕೊಟ್ಟವನ ನೆನಪು ಹಳ್ಳಿಯ ಗುಡಿಯಲ್ಲಿ ಉಳಿಯಿತು. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ನಾಟಕವನ್ನು ಓದಿದ ಕನ್ನಡ ವಿದ್ಯಾರ್ಥಿಗೆ, ಪಡೆದುಕೊಂಡವನು ಎಂದಾದರೊಂದು ದಿನ ತೆರಬೇಕಾದ ಬೆಲೆಯ ವಿಚಾರ ಈ ಊರಿನ ಸಂದರ್ಭದಲ್ಲಿ ತಾನಾಗಿ ನೆನಪಿಗೆ ಬರುತ್ತದೆ.

3. ಗದ್ದೆಬಯಲಿನ ಕಾಲ

ಗುರುಗ್ರಾಮ ದೆಹಲಿಯ ನೈರುತ್ಯದಲ್ಲಿ, ಅರಾವಳಿ ಬೆಟ್ಟಸಾಲಿನ ಅಂಚಿನಲ್ಲಿದೆ. ಸಿಡುಬಿನ ದೇವತೆಯಾದ ಶೀತಲಾ ಮಾತೆಯ ಗುಡಿ ಇಲ್ಲಿನ ಹಳೆಯ ಯಾತ್ರಾಸ್ಥಳ. ನಮ್ಮ ಕಡೆಯ ಮಾರಿಯಮ್ಮನಿಗೆ ನಡೆದುಕೊಳ್ಳುವಂತೆಯೇ ಸುತ್ತಣ ಹಳ್ಳಿಗರು ಈ ದೇವಿಗೆ ನಡೆದುಕೊಳ್ಳುತ್ತಾರೆ. ಬಾದಷಾಪುರ ಮತ್ತು ಝಾಡಸಾ ಸೀಮೆ ಸರ್ಧನಾದ ಪ್ರಸಿದ್ಧ ಬೇಗಂ ಸಮ್ರೂಳ ಅಧೀನದಲ್ಲಿದ್ದು, 1836ರಲ್ಲಿ ಆಕೆ ತೀರಿಕೊಂಡ ಬಳಿಕ ಕಂಪನಿ ಸರ್ಕಾರದ ವಶವಾಯಿತು. 1857ರ ದಂಗೆಯ ಅನಂತರ, 1858ರಲ್ಲಿ ಈ ಜಿಲ್ಲೆಯನ್ನು ಪಂಜಾಬಿಗೆ ಸೇರಿಸಲಾಯಿತು.

20ನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಹೆಸರು ಹೊರಜಗತ್ತಿಗೆ ಪರಿಚಯವಾದದ್ದು ನಗರವಾಗಿ ಅಲ್ಲ, ಹಳ್ಳಿಗಾಡಾಗಿ ಎಂಬುದು ವಿಶೇಷ. 1920ರ ದಶಕದಲ್ಲಿ ಇಲ್ಲಿ ಡೆಪ್ಯುಟಿ ಕಮಿಷನರ್ ಆಗಿದ್ದ ಎಫ್.ಎಲ್. ಬ್ರೇನ್ ಎಂಬ ಆಂಗ್ಲ ಅಧಿಕಾರಿ ಗ್ರಾಮೋದ್ಧಾರದ ದೊಡ್ಡ ಪ್ರಯೋಗವನ್ನು ಕೈಗೊಂಡನು. ಗೊಬ್ಬರಗುಂಡಿ, ಗಾಳಿಬೆಳಕಿಗಾಗಿ ಕಿಟಕಿ, ಉತ್ತಮ ಬೀಜ, ಹೆಣ್ಣುಮಕ್ಕಳ ಶಿಕ್ಷಣ ಇವು ಅವನ ಕಾರ್ಯಕ್ರಮದ ಭಾಗಗಳು. ಮೇಲಿನಿಂದ ಹೇರಿದ ಸುಧಾರಣೆಯಾದ್ದರಿಂದ ಅವನು ವರ್ಗವಾಗಿ ಹೋದ ಮೇಲೆ ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೂ ಭಾರತದ ಗ್ರಾಮಾಭಿವೃದ್ಧಿಯ ಚರಿತ್ರೆಯಲ್ಲಿ ‘ಗುಡ್‌ಗಾಂವ್ ಪ್ರಯೋಗ’ ಎಂಬ ಹೆಸರು ಉಳಿದುಕೊಂಡಿತು.

4. ನಗರದ ಹುಟ್ಟು

ಗುರುಗ್ರಾಮದ ಬೆಳವಣಿಗೆಯನ್ನು ಅರ್ಥಮಾಡಿಕೊಳ್ಳಲು ಮೊದಲು ದೆಹಲಿಯನ್ನು ನೋಡಬೇಕು. 1946ರಲ್ಲಿ ಸ್ಥಾಪಿತವಾದ ಡಿ.ಎಲ್.ಎಫ್. ಎಂಬ ಖಾಸಗಿ ಸಂಸ್ಥೆ ದೆಹಲಿಯಲ್ಲಿ ಸೌತ್ ಎಕ್ಸ್‌ಟೆನ್‌ಷನ್, ಗ್ರೇಟರ್ ಕೈಲಾಸ್, ಹೌಜ್ ಖಾಸ್ ಮೊದಲಾದ ಬಡಾವಣೆಗಳನ್ನು ನಿರ್ಮಿಸಿತ್ತು. ದೇಶವಿಭಜನೆಯಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಂದ ನಗರ ತುಂಬಿದ್ದ ಕಾಲವದು. 1957ರ ದೆಹಲಿ ಅಭಿವೃದ್ಧಿ ಕಾಯಿದೆಯ ಮೂಲಕ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಅಸ್ತಿತ್ವಕ್ಕೆ ಬಂದು, ರಾಜಧಾನಿಯಲ್ಲಿ ಭೂಮಿಯ ಅಭಿವೃದ್ಧಿ ಬಹುಮಟ್ಟಿಗೆ ಸರ್ಕಾರದ ಕೈಸೇರಿತು. ಖಾಸಗಿ ನಿರ್ಮಾಪಕರಿಗೆ ಗಡಿಯಾಚೆಯ ಭೂಮಿಯೇ ಗತಿಯಾಯಿತು.

ಆ ಗಡಿಯಾಚೆ 1966ರ ನವೆಂಬರ್ 1ರಂದು ಹರಿಯಾಣ ಎಂಬ ಹೊಸ ರಾಜ್ಯ ರೂಪುಗೊಂಡಿತ್ತು. ಆ ರಾಜ್ಯ 1975ರಲ್ಲಿ ನಗರ ಪ್ರದೇಶಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯಿದೆಯನ್ನು ತಂದು, ಖಾಸಗಿಯವರಿಗೆ ಪರವಾನಗಿ ನೀಡಿ ಬಡಾವಣೆ ಕಟ್ಟಿಸುವ ದಾರಿಯನ್ನು ತೆರೆಯಿತು. ಈ ಕಾಯಿದೆಯ ಪರಿಭಾಷೆ ನಮ್ಮ ವಿಷಯದ ದೃಷ್ಟಿಯಿಂದ ಮಹತ್ವದ್ದಾಗಿದೆ. ಅದು ಅಭಿವೃದ್ಧಿಯನ್ನೇ ‘ಒಳಗಿನದು’, ‘ಹೊರಗಿನದು’ ಎಂದು ಎರಡಾಗಿ ಸೀಳುತ್ತದೆ. ಬಡಾವಣೆಯ ಎಲ್ಲೆಯೊಳಗಿನ ರಸ್ತೆ, ಚರಂಡಿ, ಉದ್ಯಾನ, ದೀಪಗಳು ಪರವಾನಗಿ ಪಡೆದವನ ಹೊಣೆ. ಬಡಾವಣೆಗಳನ್ನು ಒಂದಕ್ಕೊಂದು ಜೋಡಿಸುವ ಹೆದ್ದಾರಿ, ಮುಖ್ಯ ಚರಂಡಿ, ನೀರಿನ ದೊಡ್ಡ ಕೊಳವೆಗಳು ಸರ್ಕಾರದ ಹೊಣೆ; ಅದಕ್ಕಾಗಿ ನಿರ್ಮಾಪಕನಿಂದ ಶುಲ್ಕ ವಸೂಲಾಗುತ್ತದೆ. ಒಳಗಿನ ಕೆಲಸ ಮಾರಾಟದ ವೇಗದಲ್ಲಿ ನಡೆಯಿತು; ಹೊರಗಿನ ಕೆಲಸ ಕಡತದ ವೇಗದಲ್ಲಿ ಸಾಗಿತು. ಈ ನಗರದ ಎಷ್ಟೋ ಸಂಕಟಗಳ ಮೂಲ ಈ ಎರಡು ವೇಗಗಳ ಅಂತರದಲ್ಲಿದೆ ಎಂದರೆ ತಪ್ಪಾಗಲಾರದು.

ಬೆಳವಣಿಗೆಯ ಮುಂದಿನ ಹಂತಗಳನ್ನು ಸಂಗ್ರಹವಾಗಿ ಹೇಳಬಹುದು. 1981ರಲ್ಲಿ ಮಾರುತಿ ಉದ್ಯೋಗ್ ಸರ್ಕಾರಿ ಸಂಸ್ಥೆಯಾಗಿ ಸ್ಥಾಪಿತವಾಗಿ, 1983ರ ಡಿಸೆಂಬರ್ 14ರಂದು ಅದರ ಮೊದಲ ಕಾರು ಹೊರಬಂದಿತು. 1980ರ ದಶಕದಲ್ಲಿ ಡಿ.ಎಲ್.ಎಫ್. ರೈತಕುಟುಂಬಗಳಿಂದ ನೇರವಾಗಿ ಭೂಮಿಯನ್ನು ಕೊಂಡು ದೊಡ್ಡ ಬಡಾವಣೆಯನ್ನು ಆರಂಭಿಸಿತು. ಆರ್ಥಿಕ ಉದಾರೀಕರಣದ ಅನಂತರ, 1997ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ತನ್ನ ಕಚೇರಿ ಕೆಲಸಗಳನ್ನು ನಿರ್ವಹಿಸುವ ಕೇಂದ್ರವನ್ನು ಇಲ್ಲಿ ತೆರೆಯಿತು. ಬಹುರಾಷ್ಟ್ರೀಯ ಕಂಪನಿಗಳ ಗಾಜಿನ ಕಟ್ಟಡಗಳು, ಭಾರಿ ಅಂಗಡಿ ಸಂಕೀರ್ಣಗಳು ಸಾಲುಗಟ್ಟಿ ಬಂದವು. 2008ರಲ್ಲಿ ದೆಹಲಿಯಿಂದ ಎಕ್ಸ್‌ಪ್ರೆಸ್ ಹೆದ್ದಾರಿ, 2010ರಲ್ಲಿ ಮೆಟ್ರೋ ಬಂದವು. 2001ರ ಜನಗಣತಿಯಲ್ಲಿ ಸುಮಾರು 1.73 ಲಕ್ಷವಿದ್ದ ನಗರದ ಜನಸಂಖ್ಯೆ, ಹಳ್ಳಿಗಳು ನಗರದ ಎಲ್ಲೆಗೆ ಸೇರಿದ್ದೂ ಕಾರಣವಾಗಿ, 2011ರಲ್ಲಿ 8.76 ಲಕ್ಷವನ್ನು ದಾಟಿತ್ತು.

5. ಕೋಟೆ ಮತ್ತು ಹೆಬ್ಬಾಗಿಲು

ಕಾವ್ಯದ ಊರಿಗೆ ಒಂದು ಕೋಟೆ, ಅದರೊಳಗೆ ಊರು. ಗುರುಗ್ರಾಮದಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಇಲ್ಲಿ ಊರಿಗೆ ಕೋಟೆಯಿಲ್ಲ. ಊರೊಳಗೆ ನೂರಾರು ಕೋಟೆಗಳಿವೆ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬರ ಮನೆಗೆ ಹೋಗುವ ಸಂದರ್ಭ ನನಗೆ ಒದಗಿತು. ವಸತಿಸಮುಚ್ಚಯದ ಬಾಗಿಲಲ್ಲಿ ಕಾವಲುಗಾರ ಹೆಸರು ಬರೆಸಿಕೊಂಡು, ಮನೆಯವರಿಗೆ ದೂರವಾಣಿ ಮಾಡಿ, ಅವರು ಒಪ್ಪಿದ ಬಳಿಕ ಒಳಗೆ ಬಿಟ್ಟನು. ಒಳಗೆ ಹುಲ್ಲುಹಾಸು, ಕೊಳ, ಮಕ್ಕಳ ಆಟದ ಬಯಲು, ಅಂಗಡಿ ಎಲ್ಲವೂ ಇದ್ದುವು. ನಮ್ಮ ಕವಿಗಳು ಕಂಡಿದ್ದರೆ ಅಲಕಾವತಿಯೆಂದೇ ಬಣ್ಣಿಸುತ್ತಿದ್ದರು. ಮರಳುವಾಗ ಮೆಟ್ರೋ ನಿಲ್ದಾಣಕ್ಕೆ ನಡೆದೇ ಹೋಗೋಣವೆಂದು ಹೊರಟೆ. ಬಾಗಿಲು ದಾಟಿದೊಡನೆ ಕಾಲುದಾರಿಯೇ ಇರಲಿಲ್ಲ. ಧೂಳು, ತೆರೆದ ಗುಂಡಿ, ಭರದಿಂದ ಓಡುವ ಕಾರುಗಳು. ದಾರಿಹೋಕನಾಗಿ ಊರನ್ನು ಕಾಣುವ ಕವಿಗೆ ಇಲ್ಲಿ ನಿಲ್ಲಲು ಸ್ಥಳವೇ ಇಲ್ಲ ಎಂದು ಅಂದು ಅನಿಸಿತು. ಈ ಲೇಖನದ ಮೂಲ ಆ ಸಂಜೆಯ ನಡಿಗೆ.

ಕೋಟೆಗಳ ನಡುವೆ ಇನ್ನೊಂದು ಬಗೆಯ ಗಡಿಯೂ ಇದೆ. ಉತ್ತರ ಭಾರತದ ಕಂದಾಯ ನಕ್ಷೆಗಳಲ್ಲಿ ಹಳ್ಳಿಯ ವಾಸದ ನೆಲವನ್ನು ಸಾಗುವಳಿಯ ನೆಲದಿಂದ ಬೇರ್ಪಡಿಸುವ ಗೆರೆಗೆ ‘ಲಾಲ್ ಡೋರಾ’, ಅಂದರೆ ಕೆಂಪು ದಾರ ಎಂದು ಹೆಸರು. ದಾರದ ಹೊರಗಿನ ಹೊಲಗಳು ಮಾರಾಟವಾಗಿ ಬಡಾವಣೆಗಳಾದುವು. ದಾರದ ಒಳಗಿನ ಹಳ್ಳಿ ಹಾಗೆಯೇ ಉಳಿಯಿತು. ನಾಥೂಪುರ, ಸಿಕಂದರಪುರ, ಚಕ್ಕರ್‌ಪುರ, ವಜೀರಾಬಾದ್ ಮೊದಲಾದ ಹಳ್ಳಿಗಳು ಗಾಜಿನ ಗೋಪುರಗಳ ಬುಡದಲ್ಲಿ ಇಂದಿಗೂ ಇವೆ. ಭೂಮಿ ಮಾರಿದ ಹಣದಿಂದ ಕೆಲವರು ಅಂತಸ್ತಿನ ಮೇಲೆ ಅಂತಸ್ತು ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಆ ಇಕ್ಕಟ್ಟಾದ ಕೋಣೆಗಳಲ್ಲಿ ಬಂಗಾಳ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಚಾಲಕರು, ಕಾವಲುಗಾರರು, ಮನೆಗೆಲಸದವರು ವಾಸಿಸುತ್ತಾರೆ. ಸಮುಚ್ಚಯದ ಬಾಗಿಲು ಕಾಯುವವನೂ ಒಳಗಿನ ಅಡುಗೆ ಮಾಡುವವಳೂ ರಾತ್ರಿ ಮರಳುವುದು ಕೆಂಪು ದಾರದ ಒಳಕ್ಕೆ.

ಇಷ್ಟು ಬೆಳೆದ ನಗರಕ್ಕೆ ಮಹಾನಗರಪಾಲಿಕೆ ದೊರೆತದ್ದು 2008ರಲ್ಲಿ; ಅದಕ್ಕೆ ಮೊದಲ ಚುನಾವಣೆ ನಡೆದದ್ದು 2011ರಲ್ಲಿ. ನಗರದ ಒಟ್ಟಾರೆ ಸೌಕರ್ಯಗಳನ್ನು ನೋಡಿಕೊಳ್ಳಲು ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಬಂದದ್ದು 2017ರಲ್ಲಿ. ಅದುವರೆಗೆ, ಹಾಗೂ ಬಹುಮಟ್ಟಿಗೆ ಅನಂತರವೂ, ವಿದ್ಯುತ್ತು ಹೋದರೆ ಸ್ವಂತ ಜನರೇಟರು, ನೀರು ಬಾರದಿದ್ದರೆ ಕೊಳವೆಬಾವಿ ಇಲ್ಲವೆ ಟ್ಯಾಂಕರು, ರಕ್ಷಣೆಗೆ ಖಾಸಗಿ ಕಾವಲು ಎಂಬುದೇ ಇಲ್ಲಿನ ರೂಢಿಯಾಯಿತು. ಖಾಸಗಿ ಸಾಹಸ ಎಲ್ಲವನ್ನೂ ನಿಭಾಯಿಸಬಲ್ಲದೆಂಬ ನಂಬಿಕೆಯ ಮಿತಿಯನ್ನು ತೋರಿಸಲು ಒಂದು ಉದಾಹರಣೆ ಸಾಕು. 2013ರ ನವೆಂಬರಿನಲ್ಲಿ ಖಾಸಗಿ ಬಂಡವಾಳದಿಂದಲೇ ಆರಂಭವಾದ ರ್‍ಯಾಪಿಡ್ ಮೆಟ್ರೋವನ್ನು ಅದರ ನಿರ್ವಾಹಕರು ನಡೆಸಲಾರದೆ ಕೈಬಿಟ್ಟರು. 2019ರ ಅಕ್ಟೋಬರಿನಲ್ಲಿ ಅದರ ಸಂಚಾರವನ್ನು ಸಾರ್ವಜನಿಕ ಸಂಸ್ಥೆಯಾದ ದೆಹಲಿ ಮೆಟ್ರೋ ನಿಗಮ ವಹಿಸಿಕೊಂಡಿತು.

6. ಕೆರೆ

ಪುರವರ್ಣನೆಯಲ್ಲಿ ಕೆರೆಯಿಲ್ಲದ ಊರು ವಿರಳ. ಇದು ಕವಿಸಮಯ ಮಾತ್ರವಲ್ಲ. ಶಾಸನಗಳೂ ಇದಕ್ಕೆ ಸಾಕ್ಷಿ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ನೋಡಿಕೊಳ್ಳುವವನಿಗೆ ಬಿಟ್ಟ ‘ಬಿತ್ತುವಟ್ಟ’ ಎಂಬ ದತ್ತಿಯ ಉಲ್ಲೇಖ ಕರ್ನಾಟಕದ ಶಾಸನಗಳಲ್ಲಿ ಮತ್ತೆಮತ್ತೆ ಬರುತ್ತದೆ. ಕೆರೆ ಎಂದಮೇಲೆ ಅದಕ್ಕೊಬ್ಬ ಹೊಣೆಗಾರ, ಆ ಹೊಣೆಗೆ ಪ್ರತಿಫಲವಾಗಿ ನೆಲ ಇರಲೇಬೇಕೆಂಬ ತಿಳಿವಳಿಕೆ ಇದರ ಹಿಂದಿದೆ.

ಗುರುಗ್ರಾಮದ ನೆಲಕ್ಕೂ ಇಂತಹದೊಂದು ತಿಳಿವಳಿಕೆಯಿತ್ತು. ಅರಾವಳಿಯ ಇಳಿಜಾರಿನಿಂದ ಮಳೆಗಾಲದಲ್ಲಿ ರಭಸವಾಗಿ ಇಳಿಯುವ ನೀರನ್ನು ತಡೆಯಲು ಘಾಟಾ, ಝಾಡಸಾ, ವಜೀರಾಬಾದ್, ಚಕ್ಕರ್‌ಪುರ ಮುಂತಾದೆಡೆ ಮಣ್ಣಿನ ಒಡ್ಡುಗಳಿದ್ದುವು. ನೀರು ಅಲ್ಲಿ ನಿಂತು, ಇಂಗಿ, ಉಳಿದದ್ದು ನಿಧಾನವಾಗಿ ಪಶ್ಚಿಮಕ್ಕೆ ನಜಫ್‌ಗಢದ ತಗ್ಗಿನ ಕಡೆಗೆ ಹರಿಯುತ್ತಿತ್ತು. ಘಾಟಾದ ವಿಶಾಲವಾದ ಕೆರೆ ಈ ವ್ಯವಸ್ಥೆಯ ಒಂದು ಮುಖ್ಯ ಕೊಂಡಿ. ವರ್ಷದ ಹೆಚ್ಚು ಕಾಲ ಬತ್ತಿಯೇ ಇರುವ ಇಂತಹ ತಗ್ಗುಗಳು ನಕ್ಷೆ ಬರೆಯುವವರ ಕಣ್ಣಿಗೆ ಬರಿಯ ಖಾಲಿ ನಿವೇಶನಗಳಾಗಿ ಕಂಡವು. ಒಡ್ಡುಗಳು ಒಡೆದು, ಹಳ್ಳಗಳು ಕಿರಿದಾಗಿ, ಕೆರೆಯ ಅಂಗಳಗಳಲ್ಲಿ ರಸ್ತೆ ಕಟ್ಟಡಗಳು ಎದ್ದುವು.

2016ರ ಜುಲೈ 28ರಂದು ಸುರಿದ ಮಳೆಗೆ ಬಾದಷಾಪುರದ ಹಳ್ಳ ಉಕ್ಕಿ ಹೀರೋ ಹೋಂಡಾ ಚೌಕ ಜಲಾವೃತವಾಯಿತು. ದೆಹಲಿ–ಜೈಪುರ ಹೆದ್ದಾರಿಯಲ್ಲಿ ವಾಹನಗಳು ರಾತ್ರಿಯಿಡೀ ಸಿಕ್ಕಿಹಾಕಿಕೊಂಡುವು. ಅದೇ ವರ್ಷ ಊರಿಗೆ ಗುರುವಿನ ಹೆಸರು ಅಧಿಕೃತವಾಗಿತ್ತು. ಜನರು ಹಾಸ್ಯವಾಗಿ ‘ಗುರುಜಾಮ್’ ಎಂದು ಕರೆದರು. ಒಂದು ಕಡೆ ಹೀಗೆ ನೀರಿನ ಅತಿರೇಕ. ಮತ್ತೊಂದು ಕಡೆ ಅಂತರ್ಜಲದ ಕ್ಷಯ. ಕಟ್ಟಡ ನಿರ್ಮಾಣಕ್ಕೆ ಅಂತರ್ಜಲವನ್ನು ಬಳಸಕೂಡದೆಂದು ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ 2012ರಲ್ಲಿ ಆದೇಶಿಸಬೇಕಾಯಿತು. ಮೇಲ್ನೋಟಕ್ಕೆ ವಿರುದ್ಧವಾಗಿ ಕಾಣುವ ಈ ಎರಡೂ ಒಂದೇ ತಪ್ಪಿನ ಎರಡು ಮುಖಗಳು. ನಿಲ್ಲಬೇಕಾದ ಕಡೆ ನೀರಿಗೆ ನೆಲೆಯಿಲ್ಲದಿದ್ದರೆ ಅದು ಬೀದಿಯಲ್ಲಿ ನಿಲ್ಲುತ್ತದೆ, ಬಾವಿಯಲ್ಲಿ ಇಲ್ಲವಾಗುತ್ತದೆ. ನೀರು ಮಾತ್ರ ಒಳಗು ಹೊರಗುಗಳ ಭೇದವನ್ನು ಅರಿಯದು. ಅಂದು ಸಿಕ್ಕಿಬಿದ್ದವರಲ್ಲಿ ಕೋಟೆಯೊಳಗಿನವರೂ ಇದ್ದರು.

ಇದನ್ನು ಓದುವ ಕನ್ನಡಿಗರು ತಾವು ಬೇರೆಯೆಂದು ಭಾವಿಸುವ ಹಾಗಿಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಇದ್ದಲ್ಲಿ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಇದ್ದಲ್ಲಿ ಕ್ರೀಡಾಂಗಣವಿದೆ. ಬಿತ್ತುವಟ್ಟದ ಶಾಸನಗಳನ್ನು ಸಂಪಾದಿಸಿ ಪ್ರಕಟಿಸಿದ ನಾಡಿನಲ್ಲೇ ಕೆರೆಯ ಹೊಣೆಗಾರ ಕಾಣೆಯಾಗಿದ್ದಾನೆ.

7. ಅಂಗಡಿಬೀದಿ

ಕಾವ್ಯದ ಅಂಗಡಿಬೀದಿಯಲ್ಲಿ ರತ್ನ, ಪಟ್ಟೆ, ಕಸ್ತೂರಿಗಳ ನಡುವೆ ನಾನಾ ದೇಶದ ಜನ, ನಾನಾ ಭಾಷೆಯ ಮಾತು ಕಲೆತಿರುತ್ತವೆ. ಗುರುಗ್ರಾಮದಲ್ಲಿಯೂ ಭಾಷೆಗಳಿಗೆ ಕೊರತೆಯಿಲ್ಲ. ಹಳ್ಳಿಯ ಮುದುಕರ ಹರಿಯಾಣವಿ, ಮೇವಾತಿ ಛಾಯೆಯ ಮಾತು, ನಿರಾಶ್ರಿತರ ವಂಶದವರ ಪಂಜಾಬಿ, ಕೆಲಸಗಾರರ ಬಂಗಾಳಿ ಮತ್ತು ಭೋಜಪುರಿ, ಕಚೇರಿಗಳ ಇಂಗ್ಲಿಷ್, ಉದ್ಯೋಗಕ್ಕಾಗಿ ಬಂದ ದಕ್ಷಿಣದವರ ಕನ್ನಡ, ತಮಿಳು, ತೆಲುಗು ಎಲ್ಲವೂ ಇವೆ. ಆದರೆ ಅವು ಕಲೆಯುವ ಬೀದಿಯಿಲ್ಲ. ಮೊದಲ ತಲೆಮಾರಿನ ದೆಹಲಿ ಕನ್ನಡಿಗರು ಸರ್ಕಾರಿ ವಸತಿಗಳ ನೆರೆಹೊರೆಯಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡು ಸಂಘಗಳನ್ನು ಕಟ್ಟಿದರು. ಗುರುಗ್ರಾಮದ ಕನ್ನಡಿಗನಿಗೆ ಪಕ್ಕದ ಸಮುಚ್ಚಯದಲ್ಲಿ ಇನ್ನೊಬ್ಬ ಕನ್ನಡಿಗನಿದ್ದಾನೆಂಬುದು ತಿಳಿಯಲು ಮೂರು ಬಾಗಿಲುಗಳ ಅಪ್ಪಣೆ ಬೇಕು. ಭಾಷೆಗಳು ಉಳಿಯುವುದು ಮನೆಯಲ್ಲಿ ಎಂಬ ಮಾತು ಅರ್ಧಸತ್ಯ. ಅವಕ್ಕೆ ಜಗಲಿಯೂ ಬೇಕು, ಬೀದಿಯೂ ಬೇಕು.

8. ಸಮಾರೋಪ

ಇಷ್ಟನ್ನು ಹೇಳಿ ಈ ನಗರವನ್ನು ಹಳಿದು ಮುಗಿಸಿದರೆ ಅನ್ಯಾಯವಾದೀತು. ಲಕ್ಷಾಂತರ ಜನರಿಗೆ, ಅದರಲ್ಲಿಯೂ ಹಳ್ಳಿ ಪಟ್ಟಣಗಳಿಂದ ಬಂದ ತರುಣ ತರುಣಿಯರಿಗೆ ಇದು ಸ್ವಂತ ದುಡಿಮೆಯ, ಸ್ವಾತಂತ್ರ್ಯದ ಊರಾಗಿದೆ. ತಪ್ಪನ್ನು ತಿದ್ದಿಕೊಳ್ಳುವ ಪ್ರಯತ್ನಗಳೂ ಇಲ್ಲಿಂದಲೇ ಹುಟ್ಟಿವೆ. ಗಣಿಗಾರಿಕೆಯಿಂದ ಹಾಳುಬಿದ್ದಿದ್ದ ಬೆಟ್ಟದ ನೆಲದಲ್ಲಿ ನಾಗರಿಕರ ಗುಂಪೊಂದು ಮಹಾನಗರಪಾಲಿಕೆಯೊಡನೆ ಸೇರಿ 2010ರಿಂದ ಅರಾವಳಿಯ ಮೂಲ ಸಸ್ಯಗಳನ್ನೇ ಹುಡುಕಿ ತಂದು ನೆಟ್ಟು ಬೆಳೆಸಿತು. ಅರಾವಳಿ ಜೀವವೈವಿಧ್ಯ ಉದ್ಯಾನವೆಂಬ ಆ ಕಾಡನ್ನು 2022ರಲ್ಲಿ, ರಕ್ಷಿತಾರಣ್ಯಗಳ ಹೊರಗಿದ್ದೂ ಜೀವಸಂರಕ್ಷಣೆಗೆ ನೆರವಾಗುವ ತಾಣವೆಂದು ಗುರುತಿಸಲಾಯಿತು. ದೇಶದಲ್ಲಿ ಈ ಮನ್ನಣೆ ಪಡೆದ ಮೊದಲ ತಾಣ ಅದು. ಚಕ್ಕರ್‌ಪುರದಿಂದ ವಜೀರಾಬಾದಿನವರೆಗಿನ ಹಳೆಯ ಒಡ್ಡು ಜನರು ನಡೆದಾಡುವ ಹಾದಿಯಾಗಿ ಮತ್ತೆ ಜೀವತಳೆದಿದೆ. ಇವೆರಡಕ್ಕೂ ಕೋಟೆಯಿಲ್ಲ. ಒಳಗಿನವರೂ ಹೊರಗಿನವರೂ ಒಟ್ಟಿಗೆ ಕಾಲಿಡಬಹುದಾದ ನೆಲಗಳಿವು. ಪಾಲಿಕೆ ಹಾಗೂ ಪ್ರಜೆ ಇಬ್ಬರೂ ಹೊಣೆ ಹೊತ್ತದ್ದರಿಂದ ಇವು ಸಾಧ್ಯವಾದುವು ಎಂಬುದನ್ನು ಮರೆಯಬಾರದು. ಬಿತ್ತುವಟ್ಟದ ತತ್ವವೂ ಇದೇ.

ಪುರವರ್ಣನೆಯನ್ನು ಓದುವ ನಮ್ಮ ವಿದ್ಯಾರ್ಥಿಗಳು ಇಂದು ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳ ಅಂಚಿನಲ್ಲಿ ಬೆಳೆಯುತ್ತಿರುವ ಇಂತಹ ಊರುಗಳಲ್ಲಿ ವಾಸಿಸುತ್ತಿದ್ದಾರೆ. ಅವರಲ್ಲಿ ಕೆಲವರಾದರೂ ತಮ್ಮ ಊರನ್ನು ಕುರಿತು ಕನ್ನಡದಲ್ಲಿ ಬರೆಯಬೇಕಾಗಿದೆ. ಹಾಗೆ ಬರೆಯುವವರು ಹಳೆಯ ಕವಿಯ ಅತಿಶಯೋಕ್ತಿಯನ್ನು ಬಿಡಲಿ; ಅವನ ನಡಿಗೆಯನ್ನು ಮಾತ್ರ ಉಳಿಸಿಕೊಳ್ಳಲಿ. ಹೊರಗಿನಿಂದ ಒಳಕ್ಕೆ, ಕಾಲ್ನಡಿಗೆಯಲ್ಲಿ, ಮೊದಲು ಹೊಲ ಇದ್ದ ಜಾಗ, ಬಳಿಕ ಕೆರೆ ಇದ್ದ ಜಾಗ, ಆಮೇಲೆ ಬಾಗಿಲು ಎಂಬ ಕ್ರಮದಲ್ಲಿ ಊರನ್ನು ಕಾಣಲಿ. ಪ್ರಾಚೀನ ಕವಿಗಳು ಕಾಣದೆ ಬಿಟ್ಟ ಹೊರಕೇರಿಯನ್ನೂ ಅವರು ಕಾಣಲಿ. ಖಾಂಡಸಾದ ಪುಟ್ಟ ಗುಡಿಯನ್ನು ಕಾಣದೆ ಬರೆದ ಗುರುಗ್ರಾಮದ ವರ್ಣನೆ ಎಷ್ಟೇ ಸೊಗಸಾಗಿದ್ದರೂ ಅಪೂರ್ಣವೆಂದೇ ಹೇಳಬೇಕು.